ಬಸ್ಸು ಇದೆ, ಆದರೆ ಎಷ್ಟು ಹೊತ್ತಿಗೆ? ದೌಲತಾಬಾದ್‌ನಿಂದ ನಮ್ಮೂರಿನವರೆಗೆ

(ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹರೂಪ. ಓದಲು ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)



ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಎಂಟೆಕ್ ಮುಗಿಸಿ ಇಲ್ಲಿಗೆ ಬಂದು ಹತ್ತು ವರ್ಷದ ಮೇಲಾಯ್ತು. ಊರು ವಿಜಯಪುರ ಜಿಲ್ಲೆಯ ಕೊಲ್ಹಾರದಿಂದ ಆರು ಕಿಲೋಮೀಟರ್ ಒಳಗೆ. ಕೊಲ್ಹಾರ ಅಂದ್ರೆ ನಿಮಗೆ ಗಡಿಗೆ ಮೊಸರು ನೆನಪಾಗಬಹುದು. ಆ ರಸ್ತೆಯಲ್ಲಿ ಹೋದವರು ಮೊಸರು ತಗೊಂಡೇ ಹೋಗ್ತಾರೆ. ಅಲ್ಲಿಂದ ಎಡಕ್ಕೆ ತಿರುಗಿ ನಮ್ಮೂರಿಗೆ ಬರೋರು ಮಾತ್ರ ಕಡಿಮೆ.

ಇವತ್ತು ಕೋಡ್ ಬಗ್ಗೆ, ಎಐ ಬಗ್ಗೆ, ಲೇಆಫ್ ಬಗ್ಗೆ ಮಾತಾಡಲ್ಲ. ಬಸ್ಸಿನ ಬಗ್ಗೆ ಮಾತಾಡ್ತೀನಿ. ದಯವಿಟ್ಟು ಟ್ಯಾಬ್ ಮುಚ್ಚಬೇಡಿ.

ಕಳೆದ ಡಿಸೆಂಬರ್‌ನಲ್ಲಿ ಅಪ್ಪ ಪುಣೆಗೆ ಬಂದಿದ್ದರು. ಅವರಿಗೆ ಎಲ್ಲೋರಾದ ಕೈಲಾಸ ದೇವಾಲಯ ತೋರಿಸಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು, ಅಂದ್ರೆ ಒಂದು ಲೆಕ್ಕದಲ್ಲಿ ನಮ್ಮವರೇ ಕೊರೆಸಿದ್ದು. ವೀಕೆಂಡ್‌ಗೆ ಕಾರು ತೆಗೆದೆವು. ಛತ್ರಪತಿ ಸಂಭಾಜಿನಗರ, ಅಂದ್ರೆ ಹಳೆಯ ಔರಂಗಾಬಾದ್ ದಾಟಿ ಎಲ್ಲೋರಾ ಕಡೆ ಹೊರಟರೆ ಸುಮಾರು ಅರ್ಧ ದಾರಿಯಲ್ಲಿ ದೌಲತಾಬಾದ್ ಸಿಗ್ತದೆ. ರಸ್ತೆ ಕೋಟೆಯ ಪಕ್ಕದಲ್ಲಿ ಹೋಗೋದಲ್ಲ, ಹಳೆಯ ಕೋಟೆಗೋಡೆಯ ಬಾಗಿಲಿನ ಒಳಗಿಂದಲೇ ಹಾದು ಹೋಗ್ತದೆ. ದಿಲ್ಲಿ ದರ್ವಾಜಾ ಅಂತಾರೆ. ಎದುರು ಒಂದು ಬಸ್ಸು ಬಂದರೆ ಈ ಕಡೆಯವರು ನಿಲ್ಲಬೇಕು. ನಾವೂ ನಿಂತೆವು, ಸುಮಾರು ಇಪ್ಪತ್ತು ನಿಮಿಷ.

ಅಪ್ಪ ಕಿಟಕಿಯಿಂದ ಆ ಬಾಗಿಲು ನೋಡ್ತಾ ಕೇಳಿದರು. "ತಮ್ಮಾ, ಊರ ಅಗಸಿಯಾಗಿಂದ ಇಷ್ಟ ಗಾಡಿ ಹೊಂಟಾವಲ್ಲ, ಇದರಾಗ ಈ ಊರಾಗ ನಿಂದ್ರೂವು ಎಷ್ಟು?"

ನಾನು ನಕ್ಕು ಸುಮ್ಮನಾದೆ. ಆಮೇಲೆ ಇವತ್ತಿನವರೆಗೂ ಆ ಪ್ರಶ್ನೆ ತಲೆಯಿಂದ ಹೋಗಿಲ್ಲ.

ಒಂದೇ ರಸ್ತೆ, ಎರಡು ಊರು

ನಿಂತಾಗ ಮ್ಯಾಪ್ ತೆಗೆದು ನೋಡಿದೆ. ಇದು ಹಳೆಯ ರಾಷ್ಟ್ರೀಯ ಹೆದ್ದಾರಿ 211, ಸೊಲ್ಲಾಪುರದಿಂದ ಧುಳೆಗೆ ಹೋಗೋದು. 2010ರಲ್ಲಿ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಇದು 52ರೊಳಗೆ ಸೇರಿತು. ಪಂಜಾಬಿನ ಸಂಗ್ರೂರಿನಲ್ಲಿ ಶುರುವಾಗೋ ಈ 52 ಎಲ್ಲಿ ಮುಗೀತದೆ ಗೊತ್ತಾ? ನಮ್ಮ ಅಂಕೋಲಾದಲ್ಲಿ. ಸೊಲ್ಲಾಪುರ, ವಿಜಯಪುರ, ಕೊಲ್ಹಾರ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ. ಒಟ್ಟು 2,300 ಕಿಲೋಮೀಟರ್‌ಗೂ ಹೆಚ್ಚು. ದೌಲತಾಬಾದ್ ದಾಟಿ ಇದೇ ದಾರಿಯಲ್ಲಿ ಮುಂದೆ ಹೋದರೆ ಸಿಗೋ ತಾಲ್ಲೂಕಿನ ಹೆಸರೇ ಕನ್ನಡ್! ಬೋರ್ಡ್ ನೋಡಿ ಅಪ್ಪನಿಗೆ ಬಹಳ ಖುಷಿ ಆಯ್ತು.

"ಅಂದ್ರ ನಮ್ಮ ಕೊಲ್ಹಾರ ಬ್ರಿಜ್ ಮ್ಯಾಲ ಹೋಗೂ ರಸ್ತಾನ ಇದು?" ಅಂದರು.

"ಹೌದು ಅಪ್ಪ, ಅದೇ ನಂಬರ್."

"ಮತ್ತ ನಮ್ಮೂರಿಗಿ ಯಾಕ ಬಸ್ಸಿಲ್ಲ?"

ಈ ಎರಡನೇ ಪ್ರಶ್ನೆಗೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿನ ಮಾತು ಆ ಎರಡು ಪ್ರಶ್ನೆಗಳ ಬಗ್ಗೆಯೇ.

ದಾರಿ ಮಾಡಿ ಜನರನ್ನು ತಂದ ಊರು

ಸಾರಿಗೆ ಮತ್ತು ಜನಸಂಖ್ಯೆಯ ಸಂಬಂಧ ನೋಡಬೇಕಂದ್ರೆ ದೌಲತಾಬಾದ್‌ಗಿಂತ ಒಳ್ಳೆಯ ಕೇಸ್ ಸ್ಟಡಿ ಸಿಗೋದು ಕಷ್ಟ. ಇದು ಮೊದಲು ದೇವಗಿರಿ. ಹನ್ನೆರಡನೇ ಶತಮಾನದ ಕೊನೆಯಲ್ಲಿ ಐದನೇ ಭಿಲ್ಲಮ ಇಲ್ಲಿ ಸೇವುಣ ಯಾದವರ ರಾಜಧಾನಿ ಕಟ್ಟಿದ. ಈ ಯಾದವರು ಮೊದಲು ಕಲ್ಯಾಣದ ಚಾಲುಕ್ಯರ ಸಾಮಂತರು. ಅವರ ಕನ್ನಡ ಶಾಸನಗಳು ಬೇಕಾದಷ್ಟು ಸಿಕ್ಕಿವೆ.

1327ರಲ್ಲಿ ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದಿಲ್ಲಿಯಿಂದ ಇಲ್ಲಿಗೆ ತಂದ. ಶಾಲೆಯಲ್ಲಿ ನಾವು ಓದಿದ್ದು ಏನು? ಹುಚ್ಚು ದೊರೆ, ಇಡೀ ದಿಲ್ಲಿಯನ್ನು ಎಬ್ಬಿಸಿಕೊಂಡು ಬಂದ ಅಂತ. ಆದರೆ ಬಂದವರಲ್ಲಿ ಹೆಚ್ಚಿನವರು ಅಧಿಕಾರಿಗಳು, ವಿದ್ವಾಂಸರು, ಸೂಫಿಗಳು, ಅವರ ಪರಿವಾರ. ದಿಲ್ಲಿ ಪೂರ್ತಿ ಖಾಲಿ ಆಗಿರಲಿಲ್ಲ ಅಂತ ಇತಿಹಾಸಕಾರರು ಹೇಳ್ತಾರೆ. ಇವತ್ತಿನ ಮಾತಲ್ಲಿ ಹೇಳಬೇಕಂದ್ರೆ ಹೆಡ್ ಆಫೀಸ್ ಶಿಫ್ಟ್ ಆಯ್ತು, ಸೀನಿಯರ್ ಸ್ಟಾಫ್‌ಗೆಲ್ಲ ಕಡ್ಡಾಯ ರಿಲೊಕೇಶನ್. ವರ್ಕ್ ಫ್ರಮ್ ಹೋಮ್ ಇಲ್ಲ.

ನನಗೆ ಕುತೂಹಲ ಹುಟ್ಟಿಸಿದ್ದು ದಾರಿ. ಅದೇ ಕಾಲದಲ್ಲಿ ಓಡಾಡಿದ ಇಬ್ನ್ ಬತೂತ ಅದನ್ನು ಬರೆದಿದ್ದಾನೆ. ದಿಲ್ಲಿಯಿಂದ ದೌಲತಾಬಾದ್‌ಗೆ ನಲವತ್ತು ದಿನದ ಪ್ರಯಾಣ. ದಾರಿಯ ಎರಡೂ ಕಡೆ ಮರ, ತೋಟದಲ್ಲಿ ನಡೆದಂತೆ ಇರ್ತಿತ್ತಂತೆ. ಪ್ರತಿ ಮೈಲಿಗೆ ಮೂರು ಅಂಚೆ ಠಾಣೆ. ಪ್ರಯಾಣಿಕನಿಗೆ ಬೇಕಾದ್ದೆಲ್ಲ ಅಲ್ಲೇ ಸಿಗೋದು, ನಲವತ್ತು ದಿನವೂ ಪೇಟೆಯಲ್ಲೇ ನಡೆದ ಹಾಗೆ. ಅಂದ್ರೆ ದಾರಿಯಲ್ಲಿ ಕೊರತೆ ಇರಲಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ ರಾಜಧಾನಿ ವಾಪಸ್ ಹೋಯ್ತು. ಬಂದವರಲ್ಲಿ ಎಷ್ಟೋ ಜನ ತಿರುಗಿ ಹೋದರು.

ಉಳಿದವರೂ ಇದ್ದರು. ಹತ್ತಿರದ ಖುಲ್ದಾಬಾದ್‌ನ ದರ್ಗಾಗಳಲ್ಲಿ ದಿಲ್ಲಿಯಿಂದ ಬಂದ ಬುರ್ಹಾನುದ್ದೀನ್ ಗರೀಬ್ ಅವರಂಥ ಸೂಫಿಗಳ ಸಮಾಧಿಗಳಿವೆ. ಮುಂದೆ 1347ರಲ್ಲಿ ಇದೇ ದೌಲತಾಬಾದ್‌ನಲ್ಲಿ ಬಹಮನಿ ಅರಸ ಪಟ್ಟ ಏರಿದ. ಆತ ರಾಜಧಾನಿ ಮಾಡಿಕೊಂಡದ್ದು ನಮ್ಮ ಕಲಬುರಗಿಯನ್ನು. ಈ ರಸ್ತೆಯಲ್ಲಿ ಊರು ಬಿಟ್ಟು ಊರು ಸೇರೋ ಕತೆ ಐಟಿ ಬಂದ ಮೇಲೆ ಶುರುವಾದದ್ದಲ್ಲ.

ಕೊನೆಗೆ ದೊಡ್ಡ ಪಟ್ಟಣ ಬೆಳೆದದ್ದು ಎಲ್ಲಿ? ಇಲ್ಲಿಂದ ಸುಮಾರು ಹದಿನೈದು ಕಿಲೋಮೀಟರ್ ದೂರದಲ್ಲಿ. 1610ರ ಸುಮಾರಿಗೆ ಮಲಿಕ್ ಅಂಬರ್ ಖಡ್ಕಿ ಅನ್ನೋ ಊರು ಕಟ್ಟಿದ, ನೆಲದಡಿಯ ಕಾಲುವೆಗಳಿಂದ ಅಲ್ಲಿಗೆ ನೀರು ತಂದ. ನಹರ್-ಎ-ಅಂಬರಿ ಅಂತ ಅದರ ಹೆಸರು. ಆ ಖಡ್ಕಿಯೇ ಮುಂದೆ ಔರಂಗಾಬಾದ್ ಆಯ್ತು. ಸಾಮ್ರಾಜ್ಯಗಳು ಕಣ್ಣು ಹಾಕಿದ ದೌಲತಾಬಾದ್ ಇವತ್ತು ಒಂದು ಹಳ್ಳಿ.

ನನಗೆ ಅನ್ನಿಸಿದ್ದು ಇಷ್ಟು. ದೂರದ ದಾರಿ ಜನರನ್ನು ತರಬಹುದು, ಒಯ್ಯಲೂಬಹುದು. ಆದರೆ ಜನ ಊರಲ್ಲಿ ಉಳಿಯಬೇಕಂದ್ರೆ ದಿನನಿತ್ಯದ ವ್ಯವಸ್ಥೆ ಬೇಕು. ಆಗ ಅದು ನೀರು. ಈಗ ನೀರಿನ ಜೊತೆ ಇನ್ನೊಂದು ಸೇರಿದೆ: ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರೋ ದಾರಿ.

ಗೆರೆ ಇದೆ, ಚುಕ್ಕೆ ಇಲ್ಲ

ಇವತ್ತಿನ ದೌಲತಾಬಾದ್ ನೋಡಿ. ಹೆದ್ದಾರಿ ಆಗಲೇ ಹೇಳಿದೆ. ಈಗ ನಾಲ್ಕು ಪಥದ ಹೊಸ ದಾರಿ ಕರೋಡಿ ಕಡೆಯಿಂದ ಊರು ತಪ್ಪಿಸಿ ಹೋಗ್ತದೆ. ಮುಂಬೈ–ನಾಗಪುರದ 701 ಕಿಲೋಮೀಟರ್ ಸಮೃದ್ಧಿ ಮಹಾಮಾರ್ಗ ಹತ್ತಿರದ ಮಾಳಿವಾಡಾದಲ್ಲಿ ಇಳಿಯೋಕೆ ಜಾಗ ಕೊಟ್ಟಿದೆ. ರೈಲು ಬಂದದ್ದು ನಿಜಾಮರ ಕಾಲದಲ್ಲಿ, ಹೈದರಾಬಾದ್–ಗೋದಾವರಿ ವ್ಯಾಲಿ ರೈಲ್ವೆ. 1900ರ ಆಸುಪಾಸಿನಲ್ಲಿ ಮೀಟರ್ ಗೇಜ್, 1990ರ ದಶಕದಲ್ಲಿ ಬ್ರಾಡ್ ಗೇಜ್. ದೌಲತಾಬಾದ್ ಅನ್ನೋ ನಿಲ್ದಾಣವೂ ಇದೆ. ಈ ಮಾರ್ಗ ನಾಸಿಕ್ ಜಿಲ್ಲೆಯ ಮನ್ಮಾಡ್‌ನಲ್ಲಿ ದೊಡ್ಡ ಲೈನಿಗೆ ಸೇರ್ತದೆ. ಬೆಂಗಳೂರಿನಿಂದ ದಿಲ್ಲಿಗೆ ಹೋಗೋ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದವರಿಗೆ ಮನ್ಮಾಡ್ ಗೊತ್ತು. ಮುಂಬೈ ರೈಲೊಂದಕ್ಕೆ ದೇವಗಿರಿ ಎಕ್ಸ್‌ಪ್ರೆಸ್ ಅಂತ ಹೆಸರಿದೆ. ಆದರೆ ರೈಲಿಗೆ ಊರಿನ ಹೆಸರಿಟ್ಟ ಮಾತ್ರಕ್ಕೆ ಊರವರಿಗೆ ರೈಲು ಸಿಕ್ಕ ಹಾಗಲ್ಲ.

ಮ್ಯಾಪ್‌ನಲ್ಲಿ ನೋಡಿದರೆ ಊರಿನ ಸುತ್ತ ಗೆರೆಗಳೋ ಗೆರೆಗಳು. ಗ್ರಾಫ್ ಥಿಯರಿ ಓದಿದವರಿಗೆ ಇದು ಬೇಗ ಅರ್ಥ ಆಗ್ತದೆ. ಗೆರೆ ಅಂದ್ರೆ ಎಡ್ಜ್, ಊರು ಅಂದ್ರೆ ನೋಡ್. ಎಡ್ಜ್ ನಿಮ್ಮ ತಲೆ ಮೇಲಿಂದ ಹೋದರೆ ನೀವು ಆ ಗ್ರಾಫ್‌ನಲ್ಲಿ ಇಲ್ಲ. ಗಾಡಿ ನಿಂತರೆ ಮಾತ್ರ ನೀವು ನೋಡ್. ನಿಲ್ಲೋದೂ ಸಾಕಾಗಲ್ಲ, ಯಾವ ಹೊತ್ತಿಗೆ ನಿಲ್ತದೆ ಅನ್ನೋದೂ ಮುಖ್ಯ.

ಕೋಟೆ ಎದುರು ಒಬ್ಬ ಮೌಶಿ ಪೇರಲ ಮಾರ್ತಾ ಕೂತಿದ್ದರು. ಅಪ್ಪ ತಮ್ಮ ಹರಕು ಮುರುಕು ಮರಾಠಿಯಲ್ಲಿ ಮಾತಿಗೆ ಇಳಿದರು. "ತಂಗಿ, ಇಲ್ಲೇ ಊರೇನು?" ಆಕೆಯ ಮನೆ ಒಳಗಡೆ ವಾಡಿಯಲ್ಲಿ, ರಸ್ತೆಯಿಂದ ದೂರ. ಹಗಲು ಇಲ್ಲಿ ಗಾಡಿಗಳಿಗೆ ಲೆಕ್ಕ ಇಲ್ಲ. ಕತ್ತಲಾದ ಮೇಲೆ ಬುಟ್ಟಿ ತಲೆ ಮೇಲೆ ಇಟ್ಟುಕೊಂಡು ನಡೀಬೇಕು. "ಮುಕ್ಕಾಮಿ ಗಾಡಿ ಇದ್ದಿದ್ರೆ ಚೆನ್ನಾಗಿತ್ತು" ಅಂದರು.

ಮುಕ್ಕಾಮಿ ಗಾಡಿ ಅಂದ ತಕ್ಷಣ ಅಪ್ಪ ನನ್ನ ಕಡೆ ತಿರುಗಿ, "ನಮ್ಮ ವಸ್ತಿ ಬಸ್" ಅಂದರು.

ವಸ್ತಿ ಬಸ್

ವಸ್ತಿ ಬಸ್ ಅಂದ್ರೆ ಉತ್ತರ ಕರ್ನಾಟಕದವರಿಗೆ ವಿವರಣೆ ಬೇಡ. ಸಂಜೆ ಪಟ್ಟಣದಿಂದ ಬಂದು, ರಾತ್ರಿ ನಮ್ಮೂರಲ್ಲೇ ಮಲಗಿ, ಬೆಳಗ್ಗೆ ಮೊದಲ ಟ್ರಿಪ್‌ಗೆ ಹೊರಡೋ ಬಸ್ಸು. ನಮ್ಮೂರಿನದು ಸಂಜೆ ಆರೂವರೆಗೆ ವಿಜಯಪುರ ಬಿಟ್ಟು ಎಂಟಕ್ಕೆ ಬರ್ತಿತ್ತು. ಡ್ರೈವರ್, ಕಂಡಕ್ಟರ್ ಗುಡಿ ಪೌಳಿಯಲ್ಲಿ ಮಲಗೋರು. ಯಾರದಾದರೂ ಮನೆಯಿಂದ ರೊಟ್ಟಿ, ಪಲ್ಯ ಹೋಗ್ತಿತ್ತು. ಬೆಳಗ್ಗೆ ಆರೂವರೆಗೆ ಹಾರ್ನ್. ಅದೇ ಊರಿಗೆ ಅಲಾರಂ. ನಾನು ಪಿಯುಸಿ ಮುಗಿಸಿದ್ದೇ ಆ ಬಸ್ಸಿನಲ್ಲಿ. ಅದು ಇರದಿದ್ದರೆ ಎಂಟೆಕ್ ಬಿಡಿ, ಇವತ್ತು ಈ ಮೈಕ್ ಮುಂದೆಯೂ ಇರ್ತಿರಲಿಲ್ಲ.

2020ರಲ್ಲಿ ಕೋವಿಡ್ ಬಂದಾಗ ಎಲ್ಲ ಬಸ್ಸುಗಳ ಜೊತೆ ಅದೂ ನಿಂತಿತು. ಉಳಿದವು ತಿರುಗಿ ಬಂದವು, ಇದು ಬರಲಿಲ್ಲ. ಈಗ ಬೆಳಗ್ಗೆ ಹತ್ತೂವರೆಗೆ ಒಂದು, ಮಧ್ಯಾಹ್ನ ಮೂರಕ್ಕೆ ಒಂದು.

2023ರಲ್ಲಿ ನನ್ನ ಅಕ್ಕನ ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು. ಸೈನ್ಸ್ ತಗೋಬೇಕು, ನರ್ಸಿಂಗ್‌ಗೆ ಹೋಗಬೇಕು ಅಂತ ಆಸೆ. ಅದೇ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತು, ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಒಳ್ಳೆಯ ಯೋಜನೆ. ಆದರೆ ಕಾಲೇಜು ಒಂಬತ್ತೂವರೆಗೆ, ಊರಿನ ಮೊದಲ ಬಸ್ಸು ಹತ್ತೂವರೆಗೆ. ಬೆಳಗ್ಗೆ ಆರು ಕಿಲೋಮೀಟರ್ ಹೆದ್ದಾರಿವರೆಗೆ ಯಾರದಾದರೂ ಬೈಕ್ ಹಿಂದೆ, ಸಂಜೆ ಕತ್ತಲಲ್ಲಿ ಮತ್ತೆ ಅದೇ. "ಹುಡುಗೀನ ಒಬ್ಬಾಕೀನ ದಿನಾ ಹಿಂಗ ಹೆಂಗ ಕಳಸೂದು?" ಅಂದರು ಭಾವ. ಅವರದ್ದು ತಪ್ಪು ಅಂತ ನಾನು ಹೇಳಲಾರೆ. ಒಂದು ವರ್ಷ ಅವಳು ಮನೆಯಲ್ಲೇ ಕೂತಳು.

2024ರಲ್ಲಿ ಅಕ್ಕ ಹಟ ಹಿಡಿದು, ಹೊಲ ಪಾಲಿಗೆ ಹಾಕಿಸಿ, ವಿಜಯಪುರದಲ್ಲಿ ಬಾಡಿಗೆ ಮನೆ ಹಿಡಿದಳು. ಅಕ್ಕ, ಭಾವ, ಇಬ್ಬರು ಮಕ್ಕಳು. ಒಂದು ಬಸ್ಸು ನಿಂತಿತು, ನಾಲ್ಕು ಜನ ಊರು ಬಿಟ್ಟರು. ಆ ಮನೆಗೆ ಈಗ ಕೀಲಿ.

ಇನ್ನು ನನ್ನ ವಿಷಯಕ್ಕೆ ಬರ್ತೀನಿ. ಆ ಮೂರ್ನಾಲ್ಕು ವರ್ಷ ಅಪ್ಪ ಫೋನ್ ಮಾಡಿದಾಗಲೆಲ್ಲ ಬಸ್ಸಿನ ಮಾತು ಬರ್ತಿತ್ತು. ನನ್ನ ಉತ್ತರ ಒಂದೇ. "ಬಿಡಪ್ಪ, ನಾನು ಕಾರ್ ತಗೊಂಡು ಬರ್ತೀನಲ್ಲ." ಹಬ್ಬಕ್ಕೆ ಬರೋ ನನಗೆ ಬಸ್ಸು ಬೇಕಿರಲಿಲ್ಲ. ಊರಲ್ಲಿ ಅರ್ಜಿ ಬರೆಯಬಲ್ಲವರು, ಅಧಿಕಾರಿಗಳ ಹತ್ತಿರ ಹೋಗಿ ಮಾತಾಡಬಲ್ಲವರು ನಮ್ಮಂಥವರೇ. ನಮಗೆ ಕಾರು ಬಂತು, ಬಸ್ಸನ್ನು ಕೇಳೋರು ಯಾರೂ ಉಳಿಯಲಿಲ್ಲ. ಸೊಸೆ ಒಂದು ವರ್ಷ ಮನೆಯಲ್ಲಿ ಕೂತದ್ದರಲ್ಲಿ ನನ್ನ ಪಾಲೂ ಇದೆ. ಇದನ್ನು ಹೇಳೋಕೇ ಈ ಟಾಕ್ ಒಪ್ಪಿಕೊಂಡೆ.

ಹೌದು ಅಥವಾ ಇಲ್ಲ

ಸರ್ಕಾರದ ಲೆಕ್ಕದಲ್ಲಿ ಇದೆಲ್ಲ ಹೇಗೆ ಕಾಣ್ತದೆ ನೋಡಿ. 2011ರ ಜನಗಣತಿಯ ಜೊತೆ ಪ್ರತಿ ಹಳ್ಳಿಯ ಸೌಲಭ್ಯಗಳ ಪಟ್ಟಿ ಇದೆ. ಜಿಲ್ಲೆಗೊಂದು ಕೈಪಿಡಿ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರಲ್ಲಿ ಸಾರ್ವಜನಿಕ ಬಸ್ ಅನ್ನೋ ಕಾಲಂ ಇದೆ: ಇದೆ ಅಥವಾ ಇಲ್ಲ. ಇಲ್ಲದಿದ್ದರೆ ಎಷ್ಟು ದೂರ: 5 ಕಿ.ಮೀ. ಒಳಗೆ, 5ರಿಂದ 10, ಅಥವಾ 10ಕ್ಕಿಂತ ಹೆಚ್ಚು. ಅಷ್ಟೇ. ಡೆವಲಪರ್‌ಗಳಿಗೆ ಹೇಳಬೇಕಂದ್ರೆ ಅದು ಬೂಲಿಯನ್ ಫೀಲ್ಡ್. ದಿನಕ್ಕೆ ಇಪ್ಪತ್ತು ಬಸ್ಸಿದ್ದರೂ "ಇದೆ", ಹತ್ತೂವರೆಗೆ ಒಂದೇ ಇದ್ದರೂ "ಇದೆ". ವಸ್ತಿ ಬಸ್ ನಿಂತ ದಿನ ನಮ್ಮೂರಿನ ಆ ಕಾಲಂನಲ್ಲಿ ಏನೂ ಬದಲಾಗಲ್ಲ. ಆದರೆ ನಮ್ಮೂರು ಬದಲಾಯ್ತು.

ಜನಸಂಖ್ಯೆಯ ಅಂಕಿ ಮಾತ್ರ ಎಲ್ಲ ಕಡೆ ಕೆಲಸ ಮಾಡ್ತದೆ. 2000ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಬಯಲು ಸೀಮೆಯ ಜನವಸತಿಗೆ ರಸ್ತೆ ಬೇಕಂದ್ರೆ 500 ಜನ ಇರಬೇಕಿತ್ತು. ಹಳ್ಳಿಯೊಂದು ಜನಗಣತಿಯಲ್ಲಿ ಪಟ್ಟಣ ಅನ್ನಿಸಿಕೊಳ್ಳಬೇಕಂದ್ರೆ 5,000 ಜನ, ಚದರ ಕಿಲೋಮೀಟರ್‌ಗೆ 400 ಸಾಂದ್ರತೆ, ಗಂಡಸರ ಮುಖ್ಯ ದುಡಿಮೆಯಲ್ಲಿ ಮುಕ್ಕಾಲು ಪಾಲು ಕೃಷಿಯೇತರ. ಜನ ಇದ್ದರೆ ಸೌಲಭ್ಯ ಅನ್ನೋದು ನ್ಯಾಯವೇ. ಆದರೆ ಇದರೊಳಗೆ ಒಂದು ಲೂಪ್ ಇದೆ. ಬಸ್ಸು ಹೋದರೆ ಓದೋ ಮಕ್ಕಳಿರೋ ಮನೆ ಹೋಗ್ತದೆ. ಮನೆ ಹೋದರೆ ಪ್ರಯಾಣಿಕರು ಕಡಿಮೆ. ಪ್ರಯಾಣಿಕರು ಕಡಿಮೆ ಅಂತ ಇನ್ನೊಂದು ಟ್ರಿಪ್ ರದ್ದು. ಆಮೇಲೆ ಯಾರಾದರೂ ಚಾರ್ಟ್ ತೋರಿಸಿ, "ನೋಡಿ, ಹಳ್ಳಿಯ ಜನ ಪಟ್ಟಣಕ್ಕೆ ಹೋಗ್ತಿದ್ದಾರೆ, ಅದು ಸಹಜ" ಅಂತಾರೆ.

2011ರ ಗಣತಿ ಪ್ರಕಾರ ದೇಶದಲ್ಲಿ ವಲಸಿಗರು ಸುಮಾರು 45 ಕೋಟಿ. ಅದರಲ್ಲಿ ದೊಡ್ಡ ಪಾಲು ಮದುವೆಯಾಗಿ ಹೋದ ಹೆಣ್ಣುಮಕ್ಕಳು. ಯಾಕೆ ಬಂದಿರಿ ಅನ್ನೋ ಪ್ರಶ್ನೆಗೆ ಅಲ್ಲಿ ಉತ್ತರಗಳು ನಿಗದಿ: ಕೆಲಸ, ವ್ಯಾಪಾರ, ಶಿಕ್ಷಣ, ಮದುವೆ, ಹುಟ್ಟಿದ ಮೇಲೆ ಬಂದದ್ದು, ಮನೆಯವರ ಜೊತೆ ಬಂದದ್ದು, ಇತರೆ. ಮುಂದಿನ ಗಣತಿಯ ದಿನಾಂಕ 2027ರ ಮಾರ್ಚ್ 1. ಇದೇ ಪಟ್ಟಿ ಇದ್ದರೆ ನನ್ನ ಸೊಸೆಯ ಹೆಸರಿನ ಮುಂದೆ "ಶಿಕ್ಷಣ" ಅಂತಲೋ, "ಮನೆಯವರ ಜೊತೆ" ಅಂತಲೋ ಬೀಳ್ತದೆ. ಬಸ್ಸು ನಿಂತದ್ದಕ್ಕೆ ಅಂತ ಬರೆಯೋಕೆ ಜಾಗ ಇಲ್ಲ.

ನಾವು ಮಾಡಿದ್ದು

ದೌಲತಾಬಾದ್‌ನಿಂದ ವಾಪಸ್ ಬಂದ ಮೇಲೆ ಊರಿನ ನಾಲ್ಕು ಹುಡುಗರ ಜೊತೆ ಒಂದು ವಾಟ್ಸಾಪ್ ಗ್ರೂಪ್ ಮಾಡಿದೆ. ಕೆಲಸ ಸಣ್ಣದು. ದಿನಾ ಬಸ್ಸು ಬಂದ ಹೊತ್ತು, ಹೋದ ಹೊತ್ತು, ಹತ್ತಿದವರು ಎಷ್ಟು, ಬಸ್ಸಿಲ್ಲದೆ ಹೆದ್ದಾರಿವರೆಗೆ ನಡೆದವರು ಅಥವಾ ಬೈಕ್ ಹತ್ತಿದವರು ಎಷ್ಟು. ಮೂವತ್ತು ದಿನ ಬರೆದರು. ಕೊನೆಯ ಅಂಕಿಯೇ ಮುಖ್ಯ, ಯಾಕಂದ್ರೆ ಬಸ್ಸಿನ ಟಿಕೆಟ್ ಯಂತ್ರದಲ್ಲಿ ಬಸ್ಸು ಹತ್ತಿದವರ ಲೆಕ್ಕ ಮಾತ್ರ ಇರ್ತದೆ. ಇಲ್ಲದ ಬಸ್ಸಿಗೆ ಕಾದವರು ಯಾವ ಯಂತ್ರದಲ್ಲೂ ಬರಲ್ಲ. ಅವರನ್ನು ಎಣಿಸಬೇಕಾದವರು ನಾವೇ.

ಆ ಶೀಟ್ ಪ್ರಿಂಟ್ ತೆಗೆದು, ಗ್ರಾಮಸಭೆಯಲ್ಲಿ ಓದಿಸಿ, ಠರಾವು ಮಾಡಿಸಿ, ಅರ್ಜಿ ಜೊತೆ ಕೊಟ್ಟೆವು. ನಾನು ರಜೆ ಹಾಕಿ ಹೋಗಿದ್ದೆ. ಕೇಳಿದವರು ಸೌಜನ್ಯದಿಂದಲೇ ಕೇಳಿದರು. ಡ್ರೈವರ್ ಕೊರತೆ, ಬಸ್ ಕೊರತೆ ಅಂದರು, ಅದೂ ನಿಜ ಇರಬಹುದು. ನಾವು ಕೇಳಿದ್ದು ಹೆಚ್ಚು ಬಸ್ಸಲ್ಲ, ಇರೋ ಬಸ್ಸಿನ ಹೊತ್ತು ಬದಲಾಯಿಸಿ ಅಂತ.

ಗೆದ್ದೆವಾ? ಅರ್ಧ. ಮೂರು ಗಂಟೆಯ ಬಸ್ಸು ಈಗ ಸಂಜೆ ಏಳೂಕಾಲಕ್ಕೆ ಬರ್ತದೆ. ಆದರೆ ರಾತ್ರಿ ಉಳಿಯಲ್ಲ, ತಿರುಗಿ ಹೋಗ್ತದೆ. ಬೆಳಗಿನ ಬಸ್ಸು ಇನ್ನೂ ಹತ್ತೂವರೆಗೇ. ಸೊಸೆ ಈಗ ಸೆಕೆಂಡ್ ಪಿಯು. ಶನಿವಾರ ಸಂಜೆ ಆ ಬಸ್ಸಿನಲ್ಲಿ ಅಜ್ಜನ ಹತ್ತಿರ ಬರ್ತಾಳೆ. ಮೊದಲ ಸಲ ಬಂದಾಗ ಫೋನ್ ಮಾಡಿ, "ಮಾಮಾ, ಬಸ್ಸಿನಾಗ ಹನ್ನೊಂದು ಮಂದಿ ಇದ್ವಿ, ಬರಕೋ" ಅಂದಳು.

ಅಪ್ಪನಿಗೆ ಇನ್ನೂ ಸಮಾಧಾನ ಇಲ್ಲ. "ಬಂದು ವಸ್ತಿ ಮಾಡಲಿಲ್ಲಂದ್ರ ಅದು ನಮ್ಮೂರ ಬಸ್ಸಲ್ಲ" ಅಂತಾರೆ. ಮುಂದಿನ ಗ್ರಾಮಸಭೆಗೆ ಶೀಟ್ ಮತ್ತೆ ತಯಾರಾಗ್ತಿದೆ.

ನಿಮ್ಮಲ್ಲಿ ಎಷ್ಟೋ ಜನ ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿ, ಕೆಲವರು ವಿದೇಶದಲ್ಲಿ ಕೂತು ಇದನ್ನು ನೋಡ್ತಿದ್ದೀರಿ. ಊರಿಗೆ ಏನಾದರೂ ಮಾಡಬೇಕು ಅಂತ ನಮಗೆಲ್ಲ ಆಸೆ. ಗುಡಿಗೆ ದೇಣಿಗೆ ಕೊಡ್ತೀವಿ, ಶಾಲೆಗೆ ಕಂಪ್ಯೂಟರ್ ಕೊಡ್ತೀವಿ. ಕೊಡಿ. ಅದರ ಜೊತೆ ಇವತ್ತು ರಾತ್ರಿ ಊರಿಗೆ ಒಂದು ಫೋನ್ ಮಾಡಿ. ಬಸ್ಸು ಇದೆಯಾ ಅಂತ ಕೇಳಬೇಡಿ, ಇದೆ ಅಂತಾರೆ. ಬೆಳಗಿನ ಮೊದಲ ಬಸ್ಸು ಎಷ್ಟು ಹೊತ್ತಿಗೆ, ರಾತ್ರಿಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿ. ಕಾಲೇಜು ಶುರುವಾಗೋ ಹೊತ್ತು, ಆಸ್ಪತ್ರೆಯ ಓಪಿಡಿ ಹೊತ್ತು ಪಕ್ಕದಲ್ಲಿ ಬರೆದುಕೊಳ್ಳಿ. ನಿಮ್ಮೂರಲ್ಲಿ ಇನ್ನು ಹತ್ತು ವರ್ಷಕ್ಕೆ ಯಾರು ಇರ್ತಾರೆ ಅನ್ನೋದು ಆ ನಾಲ್ಕು ಹೊತ್ತುಗಳಲ್ಲಿ ಬಹಳಮಟ್ಟಿಗೆ ಗೊತ್ತಾಗ್ತದೆ.

ಎಲ್ಲೋರಾ ನೋಡಿ ವಾಪಸ್ ಬರುವಾಗ ಮತ್ತೆ ದಿಲ್ಲಿ ದರ್ವಾಜಾದಲ್ಲಿ ನಿಂತೆವು. ಕತ್ತಲಾಗಿತ್ತು. ಪೇರಲ ಮಾರೋ ಮೌಶಿ ಕೂತಿದ್ದ ಜಾಗ ಖಾಲಿ. ಅಪ್ಪ ಅತ್ತಿತ್ತ ನೋಡಿ, "ಆಕೀ ಮನಿ ಮುಟ್ಟಿರಬೇಕಲ್ಲ?" ಅಂದರು.

ಮುಟ್ಟಿರಲಿ ಅಂತ ನಾನೂ ಅಂದುಕೊಂಡೆ.